ಜೋಳದ ಚೀಲದ ಕೆಳಗಿನ ನಕಾಶೆ

ಅವರ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಅದು ಒಪ್ಪುತ್ತಿರಲಿಲ್ಲ. "ಒರಸ್ಕೊಂಡು ಇನ್ನೊಮ್ಮೆ ಇಡ್ರಿ ಅಜ್ಜಾರ" ಎಂದು ಅಂಗಡಿಯವನು ಹೇಳುತ್ತಿದ್ದ. ಇವರು ಬೆರಳನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಇಟ್ಟು, "ಗೆರಿ ಎಲ್ಲಾ ಮಿಲ್ಲಿನ್ಯಾಗ ಬಿಟ್ಟು ಬಂದೇನಪಾ. ಈಗ ಹೋಗಿ ತರ್ಲೇನು?" ಎನ್ನುತ್ತಿದ್ದರು. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಕಡೆಗೆ ಅವರ ಹೆಂಡತಿ ಹಿಂದಿನಿಂದ ಬಂದು, ತಮ್ಮ ಬೆರಳು ಒತ್ತಿ ಅಕ್ಕಿ ತರುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ದಾಂಡೇಲಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ಕಾಕಾ ಧಾರವಾಡ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು ಕಾಗದದ ಮಿಲ್ಲು ಸೇರಿದವರು. ನಿವೃತ್ತಿಯ ತನಕ ಒಂದೇ ಕೆಲಸ. ಕತ್ತರಿಸಿ ಬಂದ ಹಾಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸಿ, ಸುಕ್ಕಿದ್ದದ್ದು, ಕಲೆಯಿದ್ದದ್ದು, ತೂತಿದ್ದದ್ದನ್ನು ಬೇರೆ ತೆಗೆಯುವುದು. ಆ ಹಾಳೆಗಳೇ ಅವರ ಬೆರಳಿನ ಗೆರೆಗಳನ್ನು ತಿಂದಿದ್ದವು.

ಯಾರಾದರೂ ಮದುವೆ ಪತ್ರಿಕೆ ಕೊಟ್ಟರೆ ಅವರು ಮೊದಲು ಓದುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. "ಕಾಗದ ಹಸೀ ಐತಿ. ಮಳ್ಯಾಗ ಇಟ್ಟಾರ" ಎನ್ನುತ್ತಿದ್ದರು. ಕರೆಯಲು ಬಂದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಳಗಿನಿಂದ ಕಾಕು, "ಮದುವಿ ಯಾವತ್ತು ಅಂತ ಕೇಳ್ರೀ ಮೊದಲ!" ಎಂದು ಕೂಗುತ್ತಿದ್ದರು.

ನನಗೆ ನಕಾಶೆಯ ಹುಚ್ಚು. ಕೆಲಸ ಮಾಡುವುದು ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ. ನಕಾಶೆ ಓದುವುದನ್ನು ಯಾರೂ ಕಲಿಸಿದ್ದಲ್ಲ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ನೋಡಿ, ತಪ್ಪು ಮಾಡಿ, ಮತ್ತೆ ನೋಡಿ ಕಲಿತದ್ದು. ಗುಡ್ಡದ ಎತ್ತರ ತೋರಿಸುವ ಗೆರೆಗಳು ಮೊದಲ ಸಲ ಅರ್ಥವಾದ ದಿನ ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಮೂರು ಮಳೆಗಾಲದ ಹಿಂದೆ ಹಳಿಯಾಳದ ರದ್ದಿ ಅಂಗಡಿಯಲ್ಲಿ ಒಂದು ಹಳೆಯ ಸರ್ವೆ ನಕಾಶೆ ಸಿಕ್ಕಿತು. ಜೋಯಿಡಾ ಕಡೆಯ ಕಾಡು, ಕಾಳಿ ಹೊಳೆ, ಸಣ್ಣ ಸಣ್ಣ ಊರು. ಎಂಟು ಮಡಿಕೆ ಹಾಕಿ ಎಷ್ಟು ವರ್ಷ ಇಟ್ಟಿದ್ದರೋ, ಮಡಿಕೆ ಸೇರುವ ಕಡೆ ಕಾಗದ ಬಿರಿದಿತ್ತು. ಸಂತೋಷಕ್ಕೆ ನನಗೆ ತಡೆಯಲಾಗಲಿಲ್ಲ. ನಮ್ಮ ಝೆರಾಕ್ಸ್ ಅಂಗಡಿಗೆ ಬಂದವಳೇ ಬಿರಿದ ಎರಡು ಕಡೆ ಸೆಲೋಟೇಪ್ ಹಚ್ಚಿದೆ. ಉಗುರಿನಿಂದ ಉಜ್ಜಿ ಗಟ್ಟಿ ಮಾಡಿದೆ. ಸಂಜೆ ಕಾಕಾನ ಮುಂದೆ ಹಾಸಿದೆ.

"ಇದಕ್ಕ ಇಸ್ತ್ರಿ ಹೊಡದು, ಲ್ಯಾಮಿನೇಶನ್ ಮಾಡ್ತೇನ್ರಿ ಕಾಕಾ."

"ನಿನಗೂ ಒಂದ್ ಲ್ಯಾಮಿನೇಶನ್ ಮಾಡಸ್ಲೇನವಾ? ಉಸರ ಹೆಂಗ ಆಡ್ತಿ ನೋಡೂಣು."

ಆಮೇಲೆ ಅವರು ಟೇಪ್ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಅವರ ಬೆರಳು ಹೊಳೆಯ ನೀಲಿ ಗೆರೆಯ ಗುಂಟ ಹೋಗಿ, ಒಂದು ತಿರುವಿನಲ್ಲಿ, ಟೇಪಿನ ಅಂಚಿಗೆ ಬಂದು ನಿಂತಿತು. ಕನ್ನಡಕ ಹಣೆಗೆ ಏರಿಸಿ ಬಾಗಿ, ಟೇಪಿನಡಿಯ ಊರಿನ ಹೆಸರು ಓದಿದರು. ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ಇಳಿಸಿದರು.

"ನಿಮ್ಮ ಕಾಕೂನ ತವರು ಐತಿ ಇದು."

ಕಾಕು ಜೋಯಿಡಾದ ಕಡೆಯವರು, ಮನೆಮಾತು ಕೊಂಕಣಿ ಎಂದಷ್ಟೇ ನನಗೆ ಗೊತ್ತಿತ್ತು. ಅವರು ಲಂಗ ಉಡುತ್ತಿದ್ದ ಕಾಲಕ್ಕೆ ಊರು ಸೂಪಾ ಅಣೆಕಟ್ಟಿನ ನೀರಿಗೆ ಹೋಗಿತ್ತಂತೆ. ಒಂದು ಫೋಟೋ ಕೂಡ ಇಲ್ಲ. ಮದುವೆಯಾದ ಹೊಸದರಲ್ಲಿ ಕಾಕಾ ಅವರನ್ನು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿದ್ದರು. ಕಾಕು ನೀರು ನೋಡಿ, "ಹೋಗೂಣು" ಎಂದು ತಿರುಗಿದವರು ಮತ್ತೆ ಊರಿನ ಸುದ್ದಿ ಎತ್ತಿರಲಿಲ್ಲ.

"ಆಕಿಗೆ ಈಗ ಹೇಳಬ್ಯಾಡ" ಎಂದರು ಕಾಕಾ. "ಈ ಟೇಪ್ ಇಲ್ಲೇ ಬಿಟ್ರ ಅಂಟು ಹಳದಿಯಾಗಿ ಹೆಸರು ತಿಂತೈತಿ. ಕಿತ್ರ ಏನ್ ಉಳೀತೈತೋ ಗೊತ್ತಿಲ್ಲ. ಉಳದ್ರ ತೋರಸೂಣು."

ಮರುದಿನ ಕಾಕು ದೇವಸ್ಥಾನಕ್ಕೆ ಹೋದಾಗ ಕೆಲಸ ಶುರುವಾಯಿತು. ಟೇಪಿನ ಮೇಲೆ ತೆಳು ಕಾಗದ ಹಾಸಿ, ಅದರ ಮೇಲೆ ಬಿಸಿನೀರು ತುಂಬಿದ ಸ್ಟೀಲ್ ಲೋಟ ಇಟ್ಟರು. ಅಂಟು ಮೆತ್ತಗಾದಾಗ ಟೇಪಿನ ತುದಿಯನ್ನು ಹಿಂದಕ್ಕೆ ಮಡಚಿ, ಕೂದಲೆಳೆಯಷ್ಟು, ಕೂದಲೆಳೆಯಷ್ಟು ಎಳೆದರು. ಮೊದಲನೆಯದು ಹಾಗೇ ಬಂತು. ಎರಡನೆಯದು, ಹೊಳೆಯ ತಿರುವಿನದು, ಅರ್ಧ ಬರುವಷ್ಟರಲ್ಲಿ ಕಾಗದವನ್ನೂ ಎತ್ತಿಕೊಂಡು ಬಂತು. ಊರಿನ ಹೆಸರು ಟೇಪಿಗೆ ಹೋಯಿತು. ನಕಾಶೆಯಲ್ಲಿ ಉಳಿದದ್ದು ಹುಣಸೆ ಬೀಜದಷ್ಟು ತೂತು.

ನನಗೆ ಅಳು ಬಂತು. ನಾನು ಉಗುರಿನಿಂದ ಉಜ್ಜಿ ಗಟ್ಟಿ ಮಾಡಿದ್ದು ಅದೇ ಜಾಗವನ್ನು.

"ಅತ್ರ ನಕಾಶಿ ತೊಯ್ತೈತಿ, ಆ ಕಡೆ ಸರಿ" ಎಂದರು ಕಾಕಾ. ಅಷ್ಟೇ. ಆಮೇಲೆ ಒಂದು ಸಲವೂ ಆ ಮಾತು ಎತ್ತಲಿಲ್ಲ.

ಸುಕ್ಕು ತೆಗೆಯುವುದು ನನಗೆ ಗೊತ್ತಿದ್ದಂತೆ ಇರಲಿಲ್ಲ. ಮೊದಲು ಒದ್ದೆ ಹತ್ತಿಯನ್ನು ನಕಾಶೆಯ ಮೂಲೆಯ ಬಣ್ಣಕ್ಕೆ ತಾಗಿಸಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಬಚ್ಚಲಿನಲ್ಲಿ ಎರಡು ಬಕೆಟ್ ಬಿಸಿನೀರು ಇಟ್ಟು, ಮೇಲಿನ ಹಗ್ಗದ ಮೇಲೆ ಟವೆಲ್ ಹಾಸಿ ಅದರ ಮೇಲೆ ನಕಾಶೆ ಹಾಕಿ, ಬಾಗಿಲು ಮುಚ್ಚಿದರು. ಅರ್ಧ ತಾಸಿಗೆ ಕಾಗದ ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಅದನ್ನು ಒಗೆದ ಎರಡು ಬಿಳಿ ಧೋತರದ ಮಡಿಕೆಗಳ ನಡುವೆ ಮಲಗಿಸಿ, ಮೇಲೆ ಮಂಚದ ಹಲಗೆ, ಹಲಗೆಯ ಮೇಲೆ ಜೋಳದ ಚೀಲ.

ಮಳೆಗಾಲದ ದಾಂಡೇಲಿಯಲ್ಲಿ ಯಾವುದೂ ಒಣಗುವುದಿಲ್ಲ, ಬೂಸಲು ಬರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಧೋತರ ಬದಲಿಸಬೇಕು. ಇಸ್ತ್ರಿ ಹಾಕುವುದು ಆ ಧೋತರಕ್ಕೆ, ನಕಾಶೆಗಲ್ಲ. ಅದು ನನ್ನ ಪಾಲಿನ ಕೆಲಸ. ಮೊದಲ ದಿನ ಇಸ್ತ್ರಿ ಮಾಡಿ ಬಿಸಿಬಿಸಿಯಾಗಿಯೇ ತಂದುಕೊಟ್ಟೆ. ಕಾಕಾ ಅದನ್ನು ತಮ್ಮ ಕೆನ್ನೆಗೆ ತಾಗಿಸಿ ವಾಪಸ್ ಕೊಟ್ಟರು.

"ಆರಲಿ. ಬಿಸಿ ಅರಬಿ ಹಾಕಿದ್ರ ಕಾಗದ ಮುದುಡತೈತಿ. ಕಾಗದಕ್ಕ ಅವಸರ ತಿಳಿಯಂಗಿಲ್ಲವಾ."

ತೊಂದರೆ ಆದದ್ದು ಜೋಳದ್ದು. ಚೀಲದ ಬಾಯಿ ಬಿಚ್ಚಲು ಕಾಕಾ ಬಿಡಲಿಲ್ಲ. ಭಾರ ಕಡಿಮೆಯಾಗುತ್ತದಂತೆ.

"ಅದರ ಕೆಳಗ ಏನ್ ಕಾವು ಕುಂಡ್ರಿಸೀರಿ?" ಎಂದು ಕಾಕು ಕೇಳಿದರು.

"ಮಿಲ್ಲಿನ ಕೆಲಸ."

"ರಿಟೈರ್ ಆದವ್ರಿಗೆ ಎಂಥಾ ಮಿಲ್ಲು? ರೊಟ್ಟಿ ಬೇಕೋ ಬ್ಯಾಡೋ?"

"ಅನ್ನ ಮಾಡು."

ಕಾಕು ನನ್ನ ಕಡೆ ತಿರುಗಿ, "ಕೇಳಿದ್ಯಾ? ನಾ ಅನ್ನ ಉಂಡ್ರ 'ಕೊಂಕಣಿ ಹೊಟ್ಟಿ' ಅಂತ ಹಂಗಸ್ತಿದ್ದ ಮನಷ್ಯಾ ಇವ್ರು!" ಎಂದರು. ರೊಟ್ಟಿ ಇಲ್ಲದ ಊಟವನ್ನು ಊಟವೇ ಎನ್ನದ ಕಾಕಾ ಎಂಟು ದಿನ ಎರಡು ಹೊತ್ತೂ ಅನ್ನ ಉಂಡರು. ಮುಖ ಸಣ್ಣದು ಮಾಡಿಕೊಂಡು ಉಂಡರು, ಆದರೆ ಉಂಡರು.

ಎಂಟನೆಯ ದಿನ ಸುಕ್ಕು ಹೋಗಿತ್ತು. ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಮೈದಾ ಅಂಟಿನಿಂದ ತೂತಿನ ಹಿಂದೆ ತೆಳುವಾದ ಬಿಳಿ ಕಾಗದದ ತೇಪೆ ಹಾಕಿದರು. ನಾನು ಸಣ್ಣ ಮೊನೆಯ ಪೆನ್ನು ತಂದಿದ್ದೆ. "ಹೆಸರು ನಾ ಬರದ್ ತುಂಬ್ತೇನ್ರಿ, ಗೊತ್ತಾಗಂಗಿಲ್ಲ" ಎಂದೆ.

"ಬ್ಯಾಡ. ಹೋಗಿದ್ದು ಹೋಗೇತಿ. ಸುಳ್ಳು ಬರೀಬಾರದು."

ಮರುದಿನ ಕಾಕುವನ್ನು ಕರೆದರು. ಅವರು ಮೀನಿಗೆ ಅರಿಸಿನ ಹಚ್ಚುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಕೈ ತೊಳೆಯದೆ ನನ್ನನ್ನು ನಕಾಶೆಯ ಹತ್ತಿರ ಬಿಡದ ಕಾಕಾ ಆ ಕೈ ನೋಡಿ, ಸರಿದು ಜಾಗ ಬಿಟ್ಟರು. ತಮ್ಮ ಬೆರಳನ್ನು ಹೊಳೆಯ ಗೆರೆಯ ಮೇಲಿಟ್ಟು ನಿಧಾನ ಮೇಲಕ್ಕೆ ನಡೆಸಿದರು. "ಇದು ಕಾಳಿ. ಇದು ಸೂಪಾ. ಇಲ್ಲಿಂದ ತಿರುಗತೈತಿ ನೋಡು."

ಬಿಳಿ ತೇಪೆ ಬಂದಾಗ ಬೆರಳು ತೆಗೆದರು. ಕಾಕುವಿಗೆ ನಕಾಶೆಯ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಹೊಳೆಯ ತಿರುವು ಗೊತ್ತಾಯಿತು. ಅವರ ಬೆರಳು ತೇಪೆಯ ಮೇಲೆ ಇಳಿಯಿತು.

"ಆಮ್ಚೆಂ ಘರ್" ಎಂದರು, ಯಾರಿಗೂ ಅಲ್ಲ. ಆಮೇಲೆ ಕನ್ನಡಕ್ಕೆ ಬಂದರು. "ಇಲ್ಲಿ ನಮ್ಮ ಮನಿ. ಇಲ್ಲಿ ಬಾವಿ. ಇಲ್ಲಿ ಹೊಳಿಗೆ ಇಳಿಯೂ ದಾರಿ... ಏನ್ರೀ, ನೀರು ಎಲ್ಲೈತಿ?"

"ಇದರಾಗ ನೀರು ಇನ್ನೂ ಬಂದಿಲ್ಲ" ಎಂದರು ಕಾಕಾ.

ಕಾಕು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಕೇಳಿದರು, "ಈ ತೂತು ಯಾಕ?"

ಕಾಕಾ ನಕಾಶೆಯನ್ನೇ ನೋಡುತ್ತ, "ಹಳೇ ಕಾಗದ. ಮಡಿಕ್ಯಾಗ ಹೋಗಿತ್ತು" ಎಂದರು.

ನಕಾಶೆ ನನ್ನದು, ಆದರೆ ಅವತ್ತಿನಿಂದ ಇದ್ದದ್ದು ಅವರ ಮನೆಯಲ್ಲಿ. ಮಡಚುವಂತಿಲ್ಲ, ಸುತ್ತುವಂತಿಲ್ಲ, ಬೆವರು ಹಿಡಿಯುವ ಪ್ಲಾಸ್ಟಿಕ್ಕಂತೂ ಇಲ್ಲವೇ ಇಲ್ಲ. ಧೋತರ ಹೊದಿಸಿ, ಎರಡು ಹಲಗೆಯ ನಡುವೆ, ಗೋಡೆಗೆ ತಾಗದ ಹಾಗೆ ಮಂಚದ ಗಾದಿಯ ಕೆಳಗೆ ಮಲಗಿಸಿದರು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ತೆಗೆದು ಗಾಳಿಗೆ ಹಾಸುತ್ತಿದ್ದೆವು. ಹೊಸ ಧೋತರ ಹೊದಿಸಿ ಮತ್ತೆ ಮಲಗಿಸುತ್ತಿದ್ದೆವು.

ಈ ಚಳಿಗಾಲದಲ್ಲಿ ಕಾಕಾ ಹೋದರು. ಎರಡು ದಿನದ ಜ್ವರ, ಅಷ್ಟೇ. ಮೊನ್ನೆ ಮೋಡ ಕಟ್ಟಿದಾಗ ಕಾಕು ಗೋಡೆ ಬಡಿದು ಕರೆದರು. ಬಾಗಿಲಲ್ಲೇ ಕೇಳಿದರು, "ಕೈ ತೊಳಕೊಂಡಿಯೇನ್?"

ಇಬ್ಬರೂ ಸೇರಿ ನಕಾಶೆ ಹಾಸಿದೆವು. ಅದರ ಒಂದೊಂದು ಇಂಚನ್ನೂ ಕಾಕಾನ ಬೆರಳು ಸವರಿತ್ತು. ಬೆಳಕಿಗೆ ಓರೆ ಮಾಡಿ ಹುಡುಕಿದೆ. ಎಲ್ಲಿಯೂ ಆ ಬೆರಳಿನ ಗುರುತಿಲ್ಲ. ಬಿಳಿ ತೇಪೆಯ ಮೇಲೆ ಕಾಕುವಿನ ಅರಿಸಿನ ಮಾತ್ರ.

"ಕಾಕು, ಆ ತೂತು ಮಡಿಕಿದಲ್ರಿ. ನಾ ಟೇಪ್ ಹಚ್ಚಿದ್ದೆ."

"ಗೊತ್ತೈತಿ. ಅವ್ರು ಸುಳ್ಳ ಹೇಳೂ ಮುಂದ ನನ್ನ ಮಾರಿ ನೋಡ್ತಿರ್ಲಿಲ್ಲ." ಕಾಕು ಒಗೆದು ಮಡಚಿದ್ದ ಧೋತರ ನನ್ನ ಕೈಗಿಟ್ಟರು. "ಹೋಗು, ಇಸ್ತ್ರಿ ಮಾಡ್ಕೊಂಡು ಬಾ."

ಮನೆಗೆ ಬಂದು ಇಸ್ತ್ರಿ ಮಾಡಿದೆ. ಕೆನ್ನೆಗೆ ತಾಗಿಸಿ ನೋಡಿದೆ. ಬಿಸಿ ಇತ್ತು. ಮೊದಲ ಹನಿ ಹಂಚಿನ ಮೇಲೆ ಬಿದ್ದ ಸಪ್ಪಳ ಕೇಳಿತು, ಗೋಡೆಯ ಆಚೆ ಕಾಕು ಕಾಯುತ್ತಿದ್ದರು. ಆದರೂ ಅದು ಆರುವ ತನಕ ಕೂತೆ.