ಬಾನೆಟ್ಟಿನ ಒಳಮೈ

ಆ ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಮಾತು, "ನನಗೆ ಕೆಲಸ ಮಾಡೋ ಹಾಗಿಲ್ಲ." ಗಂಡನ ವೀಸಾಕ್ಕೆ ಅಂಟಿಕೊಂಡು ಬಂದ ಹೆಂಡತಿಗೆ ಅಮೆರಿಕದಲ್ಲಿ ದುಡಿಯಲು ಪರವಾನಗಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ವಾರಾಂತ್ಯದ ಊಟಗಳಲ್ಲಿ ಯಾರಾದರೊಬ್ಬರು "ನೀವೆಲ್ಲಿ ವರ್ಕ್ ಮಾಡ್ತೀರಿ?" ಎಂದು ಕೇಳಿಯೇ ಕೇಳುತ್ತಿದ್ದರು. ನಾನು ನನ್ನ ಮಾತು ಹೇಳುತ್ತಿದ್ದೆ. ಅವರು "ಓ, ಆರಾಮಾಗಿ ರೆಸ್ಟ್ ಮಾಡಿ" ಎಂದು ಷೇರುಗಳ ಮಾತಿಗೆ ಮರಳುತ್ತಿದ್ದರು. ಆ ರೆಸ್ಟಿಗೆ ಬೆಂಕಿ ಬೀಳಲಿ ಎಂದುಕೊಳ್ಳುತ್ತ ನಾನು ಇನ್ನೊಂದಿಷ್ಟು ಮೊಸರನ್ನ ಬಡಿಸಿಕೊಳ್ಳುತ್ತಿದ್ದೆ.

ನಾನು ಮಂಡ್ಯದಲ್ಲಿ ಅಪ್ಪನ ವರ್ಕ್‌ಶಾಪಿನಲ್ಲಿ ಬೆಳೆದವಳು. ಪಂಪ್‌ಸೆಟ್ಟು, ಪವರ್ ಟಿಲ್ಲರು, ಕಬ್ಬಿನ ಗಾಣದ ಎಂಜಿನ್ನು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಡಿಪ್ಲೊಮಾ ಸೇರುವ ಮೊದಲೇ ನನಗೆ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತಿತ್ತು. ಅಂಥವಳನ್ನು ಬೆರ್ರಿಯೆಸಾ ಎಂಬ ಬಡಾವಣೆಯ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಕೂರಿಸಿ, ನನ್ನ ಗಂಡ ಬೆಳಿಗ್ಗೆ ಏಳಕ್ಕೆ ಫ್ರೀವೇ ಹಿಡಿದು ಮೆನ್ಲೋ ಪಾರ್ಕಿನ ಆಫೀಸಿಗೆ ಹೊರಟುಬಿಡುತ್ತಿದ್ದರು. ಮೊದಲ ವರ್ಷ ನಾನು ಮಿಕ್ಸಿಯನ್ನು ಮೂರು ಸಲ ಬಿಚ್ಚಿದೆ. ಅದು ಕೆಟ್ಟೇ ಇರಲಿಲ್ಲ.

ಅಪಾರ್ಟ್‌ಮೆಂಟಿನ ಹಿಂದೆ ಮರದ ಬೇಲಿ, ಬೇಲಿಯಾಚೆ ಒಂದು ಹಳೆಯ ಮನೆ, ಅದರ ಹಿತ್ತಲಲ್ಲಿ ಹಿಂದೆ ದೊಡ್ಡ ತೋಟವಾಗಿದ್ದುದರ ಗುರುತಿಗೆ ಉಳಿದ ಹತ್ತು ಹನ್ನೆರಡು ಆಪ್ರಿಕಾಟ್ ಮರಗಳು. ಒಂದು ಬೆಳಿಗ್ಗೆ ಅಲ್ಲಿಂದ ಎಂಜಿನ್ ತಿರುಗುವ ಸದ್ದು ಬಂತು. ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆ ಕೇಳಿಸಿಕೊಂಡೆ. ಕೊನೆಗೆ ತಡೆಯಲಾರದೆ ಚಪ್ಪಲಿ ಮೆಟ್ಟಿ ಬೀದಿ ಸುತ್ತಿ ಹೋಗಿ ಆ ಮನೆಯ ಬಾಗಿಲು ತಟ್ಟಿದೆ.

ಎಂಬತ್ತರ ಹತ್ತಿರದ ಮುದುಕರೊಬ್ಬರು ಊರುಗೋಲು ಹಿಡಿದು ಬಂದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಸ್ಪಾರ್ಕ್ ಬರುತ್ತಿಲ್ಲ. ಬ್ಯಾಟರಿ ಸಾಯಿಸಬೇಡಿ," ಎಂದೆ.

ಅವರು ನನ್ನ ಚೂಡಿದಾರನ್ನೂ ಹಣೆಯ ಬೊಟ್ಟನ್ನೂ ನೋಡಿದರು. "ಹಾಗಾದರೆ ಒಳಗೆ ಬಾ," ಎಂದರು.

ಗ್ಯಾರೇಜಿನಲ್ಲಿದ್ದದ್ದು ಗಾರ್ಡನ್ ಟ್ರ್ಯಾಕ್ಟರು. ನಮ್ಮ ಹೊಲದ ಟ್ರ್ಯಾಕ್ಟರಿನ ಮರಿಯಂಥದ್ದು. ಸೊಂಟದೆತ್ತರ, ಒಬ್ಬರು ಕೂರುವ ಸೀಟು, ಹೊಟ್ಟೆಯಡಿ ಹುಲ್ಲು ಕತ್ತರಿಸುವ ಬ್ಲೇಡು, ಒಂದೇ ಸಿಲಿಂಡರಿನ ಭಾರೀ ಎರಕದ ಎಂಜಿನ್ನು. ಮೂವತ್ತೈದು ವರ್ಷ ಹಳೆಯದು. ಅಂಥವನ್ನು ಹುಡುಕಿ ತಂದು ಹೊಸದರಂತೆ ಮಾಡುವ ಹುಚ್ಚಿನವರು ಆ ದೇಶದಲ್ಲಿ ಬಹಳ ಮಂದಿ ಇದ್ದಾರೆಂದು ಆಮೇಲೆ ತಿಳಿಯಿತು. ಮುದುಕರಿಗೆ ಆ ಹುಚ್ಚಿರಲಿಲ್ಲ. ಟ್ರ್ಯಾಕ್ಟರು ಅವರ ಹೆಂಡತಿಯದು. ಮರಗಳ ನಡುವೆ ಕಳೆ ಹೊಡೆಯುತ್ತಿದ್ದದ್ದೂ ಅದರ ಆರೈಕೆ ಮಾಡುತ್ತಿದ್ದದ್ದೂ ಆಕೆಯೇ. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಡ್ಯಾನ್‌ವಿಲ್‌ನಲ್ಲಿದ್ದ ಮಗಳು ಅಮ್ಮನ ಬಟ್ಟೆ, ಪುಸ್ತಕ, ಕಾಗದಪತ್ರಗಳನ್ನೆಲ್ಲ ಡಬ್ಬ ಡಬ್ಬ ತುಂಬಿ ಆಗಲೇ ಸಾಗಿಸಿಬಿಟ್ಟಿದ್ದಳು. ಬರುವ ಚಳಿಗಾಲಕ್ಕೆ ಮನೆ ಮಾರಿ ಅಪ್ಪನನ್ನೂ ಕರೆದುಕೊಂಡು ಹೋಗುವವಳಿದ್ದಳು.

"ಹೋಗುವ ಮೊದಲು ಇದರ ಮೇಲೆ ಕೂತು ಮರಗಳನ್ನು ಒಂದು ಸುತ್ತು ಹಾಕಬೇಕು. ಅಷ್ಟೇ," ಎಂದರು ಮುದುಕರು.

ಆ ಬೇಸಿಗೆ ನಾನು ಬದುಕಿದೆ. ಬೆಳಿಗ್ಗೆ ಗಂಡನ ಕಾರು ಮರೆಯಾದೊಡನೆ ನಾನು ಗ್ಯಾರೇಜಿನಲ್ಲಿ ಇರುತ್ತಿದ್ದೆ. ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು, ಕೆರೆದೆ. ಸ್ಪಾರ್ಕ್ ಹುಟ್ಟಿಸುವ ಪಾಯಿಂಟು ಉಜ್ಜಿದೆ. ಜೋಡಣೆಯ ಸಂದಿಗೆ ಹಾಕುವ ಪ್ಯಾಕಿಂಗು ಸಿಗದ ಕಡೆ ಅಪ್ಪನ ಹಾಗೆ ದಪ್ಪ ಕಾಗದವನ್ನು ಲೋಹದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕತ್ತರಿಸಿದೆ. ಮುದುಕರ ಎಡ ಮಂಡಿ ಸೋತಿತ್ತು, ಕ್ಲಚ್ಚು ತುಳಿಯಲು ಆಗುತ್ತಿರಲಿಲ್ಲ. ಪೆಡಲಿಗೆ ಉದ್ದನೆಯ ಕಬ್ಬಿಣದ ಪಟ್ಟಿ ಬೋಲ್ಟು ಮಾಡಿ, ಕೈಯಲ್ಲೇ ಒತ್ತುವ ಹಾಗೆ ಮಾಡಿಕೊಟ್ಟೆ. ಅವರು ಸೀಟಿನಲ್ಲಿ ಕೂತು ಅದನ್ನು ಇಪ್ಪತ್ತು ಸಲ ಒತ್ತಿ ನೋಡಿದರು. "ಅವಳಿಗೂ ಇಂಥ ಕೈಯಿತ್ತು," ಎಂದರು. ನನ್ನನ್ನು ಯಾರಾದರೂ ಹೊಗಳಿ ಎರಡು ವರ್ಷವಾಗಿತ್ತು. ಮನೆಗೆ ಬಂದು ಅತ್ತುಬಿಟ್ಟೆ.

"ಫ್ರೀಯಾಗಿ ಯಾಕೆ ಮೈ ಮುರ್ಕೋತೀಯ? ಉಗುರು ನೋಡ್ಕೋ, ಪಾರ್ಟಿಗೆ ಹೆಂಗ್ ಬರ್ತೀಯ?" ಎಂದರು ಗಂಡ.

"ನಿಮ್ಮ ಕಂಪನಿ ಏನು ಮಾರುತ್ತೆ ಅಂತ ಇನ್ನೂ ಗೊತ್ತಾಗಿಲ್ಲ. ನನ್ನ ಟ್ರ್ಯಾಕ್ಟರು ಹುಲ್ಲಾದ್ರೂ ಕತ್ತರಿಸುತ್ತೆ ಕಣ್ರೀ," ಎಂದೆ. ಎರಡು ದಿನ ಮಾತು ಬಿಟ್ಟರು.

ಸೆಪ್ಟೆಂಬರಿನ ಕೊನೆಗೆ ಮುದುಕರು ಮಂಡಿಯ ಆಪರೇಷನ್ನಿಗೆ ಹೋದರು. ಹೋಗುವಾಗ ಗ್ಯಾರೇಜಿನ ಕೀ ನನ್ನ ಕೈಗಿಟ್ಟರು. "ನಾನು ಬರುವಷ್ಟರಲ್ಲಿ ಓಡಬೇಕು," ಎಂದರು. ಬೇರೇನೂ ಹೇಳಲಿಲ್ಲ. ಏನನ್ನಾದರೂ ಹೇಳಬೇಕಿತ್ತು ಎಂದು ಎಷ್ಟೋ ವರ್ಷ ಅವರ ಮೇಲೇ ಸಿಟ್ಟಾಗಿದ್ದೇನೆ. ಅದೂ ನನ್ನ ಸಣ್ಣತನವೇ.

ಅದೇ ಹೊತ್ತಿಗೆ ಆಯುಧಪೂಜೆ ಬಂತು. ಅಪ್ಪನ ವರ್ಕ್‌ಶಾಪಿನಲ್ಲಿ ಹಬ್ಬಕ್ಕೆ ಮುಂಚಿನ ವಾರ ರಿಪೇರಿ ಬಂದ್. ಎಲ್ಲವನ್ನೂ ಉಜ್ಜಬೇಕು, ತೊಳೆಯಬೇಕು, ಬಣ್ಣ ಬಳಿಯಬೇಕು. ವರ್ಷವಿಡೀ ಅಪ್ಪ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಬೇರಿಂಗ್ ನಂಬರು, ಬೆಲ್ಟಿನ ಅಳತೆಗಳ ಮೇಲೆ ನಾನೇ ಸುಣ್ಣ ಹೊಡೆಯುತ್ತಿದ್ದೆ. ಹಳೆಯದರ ಗುರುತು ಒಂದೂ ಉಳಿಯಬಾರದು, ಅದೇ ಹಬ್ಬ.

ಟ್ರ್ಯಾಕ್ಟರಿನ ಬಾನೆಟ್ಟು ಕಳಚಿ ತಿರುಗಿಸಿ ಇಟ್ಟಾಗ ಒಳಮೈ ತುಂಬ ಪೆನ್ಸಿಲಿನ ಬರಹ ಕಂಡಿತು. ಸಣ್ಣ, ಬಾಗಿದ ಅಕ್ಷರಗಳು. ಇದನ್ನು ಒಪ್ಪಿಕೊಳ್ಳದೆ ಈ ಕತೆ ಬರೆದು ಪ್ರಯೋಜನವಿಲ್ಲ: ನಾನು ಅದನ್ನು ನೋಡಿದೆ. ಒಂದು ಸಾಲು ಓದಿದೆ ಕೂಡ. ಎಣ್ಣೆ ಬದಲಿಸಿದ ಲೆಕ್ಕವಿರಬೇಕು ಎಂದುಕೊಂಡೆ. ಉಪ್ಪುಕಾಗದ ಹಿಡಿದು ಒಂದು ಮಧ್ಯಾಹ್ನವಿಡೀ ಉಜ್ಜಿದೆ, ಲೋಹ ಹೊಳೆಯುವ ತನಕ. ಆಮೇಲೆ ಒಳಗೂ ಹೊರಗೂ ಎರಡೆರಡು ಕೋಟು ಕೆಂಪು ಎನಾಮಲ್ ಬಣ್ಣ.

ಹಬ್ಬದ ದಿನ ಗಂಡ ಮನೆಯಲ್ಲಿ ಕಂಪ್ಯೂಟರಿಗೆ, ಅದರ ಮೌಸಿಗೆ, ಕಾರಿನ ಕೀಗೆ ಕುಂಕುಮವಿಟ್ಟು ಮೀಟಿಂಗಿಗೆ ಓಡಿದರು. ನಾನು ಗ್ರೋಸರಿಯಿಂದ ತಂದ ಸೇವಂತಿಗೆಯನ್ನು ಟ್ರ್ಯಾಕ್ಟರಿಗೆ ಮುಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕೀ ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿಕೊಂಡಿತು. ನಿಂಬೆಹಣ್ಣು ಜಜ್ಜಿಹೋಯಿತು. ಆ ದೇಶದಲ್ಲಿ ನನ್ನ ಎಲ್ಲಕ್ಕಿಂತ ಸಂತೋಷದ ದಿನ ಅದು.

ಮುದುಕರು ಮರಳಿದ್ದು ಹತ್ತು ದಿನದ ನಂತರ, ವಾಕರ್ ಹಿಡಿದು. ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದರು. ಮುಖ ಅರಳಿತು. ನಾನು ಎಂಜಿನ್ ಚಾಲು ಮಾಡಿದೆ. ಕಣ್ಣು ಮುಚ್ಚಿ ಆ ಸದ್ದು ಕೇಳಿದರು. ಆಮೇಲೆ ಹತ್ತಿರ ಬಂದು, ನಿಲ್ಲಿಸು ಎಂದು ಸನ್ನೆ ಮಾಡಿ, ಬಾನೆಟ್ಟು ಎತ್ತಿದರು.

ಎತ್ತಿ ಹಿಡಿದುಕೊಂಡೇ ನಿಂತರು. ಒಳಗೆ ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಯಾರೂ ಏನೂ ಹೇಳುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು.

"ಇಲ್ಲಿ ಅವಳು ಬರೆದಿದ್ದಳು," ಎಂದರು. "ಮನೆಯಲ್ಲಿ ಅವಳ ಅಕ್ಷರ ಉಳಿದಿದ್ದದ್ದು ಇಲ್ಲಿ ಮಾತ್ರ."

ನನಗೆ ಇಂಗ್ಲಿಷ್ ಮರೆತುಹೋಯಿತು. ಕ್ಷಮಿಸಿ ಎಂಬುದನ್ನೂ ಕನ್ನಡದಲ್ಲೇ ಹೇಳಿದೆ.

"ಒರೆಸುವ ಮೊದಲು ಓದಿದೆಯಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಅದಕ್ಕಿಂತ ಸಿಟ್ಟೇ ಆಗಿದ್ದರೆ ತಾಳಬಹುದಿತ್ತು.

"ಒಂದೇ ಸಾಲು," ಎಂದೆ. "ಎಣ್ಣೆ ಬದಲಾಯಿಸಿದೆ. ಹೂ ಬಿಟ್ಟಿದೆ. ಇವನು ಇನ್ನೂ ಎದ್ದಿಲ್ಲ."

ಅವರು ನಕ್ಕರು. ನಗುತ್ತಲೇ ತುಟಿ ಸೊಟ್ಟಗಾಯಿತು. ಮೇಜಿನ ಮೇಲಿದ್ದ ಪೆನ್ಸಿಲು ತೆಗೆದು ನನಗೆ ಕೊಟ್ಟು, "ಬರೆ," ಎಂದರು. "ಅಲ್ಲೇ. ನಿನ್ನ ಅಕ್ಷರದಲ್ಲಾದರೂ ಇರಲಿ."

ನಾನು ಬಾನೆಟ್ಟಿನೊಳಗೆ ತಲೆ ಹಾಕಿ ಬರೆಯಲು ಹೋದೆ. ಪೆನ್ಸಿಲು ಜಾರಿತು. ಒತ್ತಿದೆ. ಹೊಳಪಿನ ಎನಾಮಲ್ಲಿನ ಮೇಲೆ ಪೆನ್ಸಿಲು ಹಿಡಿಯುವುದಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಮತ್ತೆ ಒತ್ತಿದೆ, ಮೊನೆ ಮುರಿಯಿತು. ಅವರು ನನ್ನ ಕೈಯಿಂದ ಪೆನ್ಸಿಲು ಮೆಲ್ಲಗೆ ಬಿಡಿಸಿಕೊಂಡರು.

"ಇರಲಿ. ಬಣ್ಣ ಚೆನ್ನಾಗಿ ಹಿಡಿದಿದೆ," ಎಂದರು.

ಅವರು ಆ ಒಂದು ಸುತ್ತು ಹಾಕಲೇ ಇಲ್ಲ. ನಾನು ಎರಡು ಸಲ ಕೇಳಿದೆ. ಮಂಡಿ ಇನ್ನೂ ನೆಟ್ಟಗಾಗಿಲ್ಲ ಎಂದರು. ಮಂಡಿ ನೆಟ್ಟಗೇ ಇತ್ತು. ಅಂಚೆ ಡಬ್ಬಿಯವರೆಗೆ ಊರುಗೋಲಿಲ್ಲದೆ ನಡೆಯುವುದನ್ನು ನಾನು ಬೀದಿಯಿಂದ ನೋಡುತ್ತಿದ್ದೆ.

ಡಿಸೆಂಬರಿನಲ್ಲಿ ಮನೆ ಮಾರಾಟವಾಯಿತು. ಹಳೆಯ ಟ್ರ್ಯಾಕ್ಟರು ಕೂಡಿಡುವ ಒಬ್ಬಾತ ಪಿಕಪ್ ತಂದ. ಮುದುಕರು ಹೇಳಿಕಳಿಸಿದ್ದರು, ಹಲಗೆಯಿಟ್ಟು ಅದನ್ನು ಮೇಲೇರಿಸಿದವಳು ನಾನೇ. ಆತ ಎಂಜಿನ್ನಿನ ಸದ್ದು ಕೇಳಿದ, ಕೈ ಕ್ಲಚ್ಚನ್ನು ಆಡಿಸಿದ, ಬಾನೆಟ್ಟು ಎತ್ತಿ ಒಳಗೆಲ್ಲ ಬೆರಳಾಡಿಸಿದ. ಇಷ್ಟು ನಯವಾದ ಕೆಲಸವನ್ನು ತಾನು ನೋಡಿಯೇ ಇಲ್ಲವೆಂದ. ಯಾರು ಮಾಡಿದ್ದೆಂದು ಕೇಳಿದ.

"ಇವಳು," ಎಂದರು ಮುದುಕರು. ನನ್ನ ಭುಜದ ಮೇಲೆ ಕೈಯನ್ನೂ ಇಟ್ಟರು.

ತನ್ನ ಶೆಡ್ಡಿನಲ್ಲಿ ಇಂಥವೇ ಆರು ಬಿದ್ದಿವೆ, ಬಂದು ಮಾಡಿಕೊಡುತ್ತೀಯಾ ಎಂದು ಆತ ಕೇಳಿದ. ಆ ದೇಶಕ್ಕೆ ಬಂದಂದಿನಿಂದ ಯಾರ ಬಾಯಿಂದಲಾದರೂ ಇದೊಂದು ಮಾತು ಬರಲಿ ಎಂದು ನಾನು ಕಾದಿದ್ದೆ. ಮುದುಕರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಒಪ್ಪಲಿ ಎಂಬ ಆಸೆ ಅವರ ಕಣ್ಣಲ್ಲಿತ್ತು, ಆ ಒಳ್ಳೆಯತನವನ್ನು ಎದುರಿಸಲು ನನ್ನಿಂದಾಗಲಿಲ್ಲ.

"ನನಗೆ ಕೆಲಸ ಮಾಡೋ ಹಾಗಿಲ್ಲ," ಎಂದೆ.