ಎಲ್ಲರ ಪಾರ್ಟು ತರುತ್ತಿದ್ದ ಕಂಡಕ್ಟರ್

ಒಂದು ನಿಮಿಷ ತಡೆಯಿರಿ, ಇವರ ವಿಷಯ ಕೇಳಿಕೊಂಡೇ ಹೋಗಿ. ಒಂದು ಹೆಗಲಿಗೆ ಚರ್ಮದ ಟಿಕೆಟ್ ಚೀಲ, ಇನ್ನೊಂದು ಹೆಗಲಿಗೆ ಸುರುಳಿ ಸುತ್ತಿದ ಕ್ಲಚ್ ಕೇಬಲ್ಲು, ಕಂಕುಳಲ್ಲಿ ಬ್ರೇಕ್ ಶೂ ಡಬ್ಬ. ತುಮಕೂರಿನಿಂದ ಗುಬ್ಬಿ ಮೇಲೆ ನಮ್ಮ ಸಿ.ಎಸ್. ಪುರಕ್ಕೆ ಬರುತ್ತಿದ್ದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಹೀಗೆಯೇ ಫುಟ್‌ಬೋರ್ಡಿನಿಂದ ಇಳಿಯುತ್ತಿದ್ದರು. ಅಂಗಿ ಜೇಬಿನ ಮೇಲೆ ಯಾವಾಗಲೂ ಗ್ರೀಸ್ ಕಲೆ. ಊರಿನವರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ.

ನಾನು ಬೈಕ್ ರಿಪೇರಿ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ, ಅಪ್ಪನ ಹಳೇ ಬೈಕು ಬಿಚ್ಚಿ. ಬಿಚ್ಚುವುದು ಸುಲಭ, ಪಾರ್ಟು ಸಿಗಬೇಕಲ್ಲ! ಬ್ರೇಕ್ ಶೂ, ಕೇಬಲ್ಲು, ಇಂಡಿಕೇಟರ್ ಬಲ್ಬು, ಇಂಥ ಮಾಮೂಲಿ ಸಾಮಾನಿಗೂ ಗುಬ್ಬಿಯಲ್ಲಿ "ಇಲ್ಲ ಕಣೋ", ಕುಣಿಗಲ್‌ಗೆ ಹೋದರೆ "ಮೊನ್ನೆ ಖಾಲಿ ಆಯ್ತು". ಕೇಳಿ ಕೇಳಿ ಸುಸ್ತು. ಕೊನೆಗೆ ಗ್ಯಾರೇಜಿನವರದೆಲ್ಲ ಒಂದೇ ಮಾತು: "ಅಣ್ಣಂಗೆ ಹೇಳು, ಸಾಯಂಕಾಲದ ಬಸ್ಸಿಗೆ ತರ್ತಾರೆ."

ಅಣ್ಣನಿಗೆ ಪಾರ್ಟುಗಳ ಗಂಧಗಾಳಿಯೂ ಇರಲಿಲ್ಲ. ಹಾಗಾಗಿ ಅವರದು ಒಂದೇ ಕಾನೂನು. ಹಳೆಯದನ್ನು ಬಿಚ್ಚಿ ಅವರ ಕೈಗೆ ಕೊಡಬೇಕು. ಬಾಯಲ್ಲಿ ಹೇಳಿದರೆ ಸಿಡುಕುತ್ತಿದ್ದರು.

"ಉದ್ದಕ್ಕಿರುತ್ತೆ, ಕಪ್ಪಗಿರುತ್ತೆ ಅಂದ್ರೆ ಅಂಗ್ಡಿಯೋನು ಹಾವು ಹಿಡ್ದು ಕೊಡ್ತಾನೆ ಕಣ್ಲಾ! ಹಳೇದು ತಾ."

ಅದನ್ನು ತುಮಕೂರಿನ ಅಂಗಡಿಯ ಕೌಂಟರ್ ಮೇಲಿಟ್ಟು ಅಂಥದ್ದೇ ತರುತ್ತಿದ್ದರು. ಇದಕ್ಕೆಂದು ಯಾರಿಂದಲೂ ಒಂದು ಟೀ ಕುಡಿದವರಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ, ಕೆಲಸಕ್ಕೆ ಹೋಗುವವರು ತುಂಬಿದ್ದ ಆ ಬಸ್ಸು ಗುಬ್ಬಿ ಸ್ಟ್ಯಾಂಡಿನಲ್ಲಿ ನಿಂತುಬಿಟ್ಟಿತು. ಫ್ಯಾನ್ ಬೆಲ್ಟ್ ತುಂಡಾಗಿತ್ತು. ನಾನೂ ಬಸ್ಸಿನಲ್ಲಿದ್ದೆ. ಇನ್ನೊಂದು ಟ್ರಿಪ್ ತಪ್ಪಿದರೆ ಬಸ್ಸನ್ನೇ ಮಾರಿಬಿಡುತ್ತೇನೆ ಎಂದು ಓನರ್ ಆಗಲೇ ಹೇಳಿದ್ದರು. ಅಣ್ಣ ತುಂಡಾದ ಬೆಲ್ಟ್ ಹಿಡಿದು ಹೊರಟರು, ಹಿಂದೆ ನಾನು. ಅವರು ವರ್ಷಗಟ್ಟಲೆ ಪಾರ್ಟು ತಂದುಕೊಟ್ಟ ಗ್ಯಾರೇಜುಗಳೇ ಎಲ್ಲ. ಒಂದರಲ್ಲೂ ಇಲ್ಲ. ಕೊನೆಗೆ ಲಾರಿ ಗ್ಯಾರೇಜು.

"ತರಿಸ್ಬೇಕು ಅಣ್ಣ" ಎಂದ ಮೆಕ್ಯಾನಿಕ್.

"ಯಾವ್ ಬಸ್ಸಲ್ಲಿ ತರಿಸ್ತೀಯೋ? ನನ್ ಬಸ್ಸಲ್ಲಾ?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ನೀವು ದಿನಾ ಹೋಗಿ ಬರ್ತೀರಲ್ಲ ಅಂತ ಏನೂ ಇಟ್ಟಿಲ್ಲ ಅಣ್ಣ."

ಅವನದೇ ಬೈಕ್ ಕೇಳಿಕೊಂಡು ನಾನು ತುಮಕೂರಿಗೆ ಓಡಿಸಿದೆ. ಬೆಲ್ಟ್ ತರುವಷ್ಟರಲ್ಲಿ ಜನ ಬೇರೆ ಬಸ್ಸು ಹತ್ತಿ ಹೋಗಿದ್ದರು. ಅಣ್ಣ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. ಓನರ್ ಫೋನು ಬಂದಿತ್ತು.

"ಬೈದ್ರಾ ಅಣ್ಣ?"

"ಬೈಲಿಲ್ಲ ಕಣೋ. ಬೈದಿದ್ರೆ ಚೆನ್ನಾಗಿತ್ತು."

ನಾನು ತಂದ ಬೆಲ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಗ್ಯಾರೇಜ್‌ನೋರ ತಪ್ಪೇನಿಲ್ಲ ಬುಡು. ನಾನೇ ಅಭ್ಯಾಸ ಮಾಡ್ಸ್‌ಬುಟ್ಟೆ. ನೀನಾದ್ರೂ ಒಂದೊಂದು ಎಕ್ಸ್‌ಟ್ರಾ ಇಟ್ಕಳ್ಳಲಾ."

ಬಸ್ಸು ಮಾರಾಟವಾಯಿತು. ಅಣ್ಣ ತುಮಕೂರಿನ ಉಪ್ಪಾರಹಳ್ಳಿಯಲ್ಲೊಂದು ಬಿಲ್ಡಿಂಗಿಗೆ ವಾಚ್‌ಮನ್ ಆದರು. ಈ ಬೇಸಿಗೆಯಲ್ಲಿ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟರಂತೆ. ನನಗೆ ತಿಳಿದದ್ದು ತಿಥಿ ಮುಗಿದ ಮೇಲೆ. ಸುದ್ದಿ ತರಲು ಆ ಬಸ್ಸೂ ಇರಲಿಲ್ಲ.

ಗ್ಯಾರೇಜುಗಳಲ್ಲಿ ಈಗಲೂ ಏನೂ ಇಲ್ಲ. "ಆರ್ಡರ್ ಹಾಕ್ತೀನಿ, ವಾರ ಬಿಟ್ಟು ಬಾ" ಎನ್ನುತ್ತಾರೆ. ಜಗಳವಾಡುವ ಶಕ್ತಿ ನನಗೂ ಉಳಿದಿಲ್ಲ. ತುಮಕೂರಿಗೆ ಹೋದಾಗ ಯಾವ ಪಾರ್ಟಾದರೂ ಎರಡು ತರುತ್ತೇನೆ. ಒಂದು ನನ್ನ ಗಾಡಿಗೆ. ಇನ್ನೊಂದು, ದಾರಿಯಲ್ಲಿ ಯಾರ ಗಾಡಿ ನಿಂತಿರುತ್ತದೋ ಅವರಿಗೆ. "ಎಷ್ಟಾಯ್ತು?" ಎಂದು ಅವರು ಕೇಳಿದರೆ, ಕಂಡಕ್ಟರ್ ಅಣ್ಣ ಕೊಟ್ಟದ್ದು ಎನ್ನುತ್ತೇನೆ.

ನೀವು ಯಾವ ಪಾರ್ಟಿಗೆ ಎಲ್ಲೆಲ್ಲಿ ಅಲೆದಿದ್ದೀರಿ, ಕೊನೆಗೆ ಯಾರು ತಂದುಕೊಟ್ಟರು? ಕೆಳಗೆ ಬರೆಯಿರಿ. ಅವರು ಇನ್ನೂ ಇದ್ದರೆ, ಮೊದಲು ಅವರಿಗೊಂದು ಫೋನ್ ಮಾಡಿ, ಆಮೇಲೆ ಬರೆಯಿರಿ.