ಗಾಳಿಯಲ್ಲಿ ಕರೆದ ಹೆಸರು
ಹಂಪಸಾಗರದ ಹಿನ್ನೀರಿನ ನಡುಗಡ್ಡೆಯಲ್ಲಿ ಬೇಸಿಗೆಯಿಡೀ ಗುಡಾರ ಹಾಕಿಕೊಂಡು ಮೀನು ಹಿಡಿಯುವವರಲ್ಲಿ ಎರ್ರಮ್ಮನಷ್ಟು ಗಾಳಿಗೆ ಅಂಜುವವರು ಇನ್ನೊಬ್ಬರಿಲ್ಲ. ಗುಡಾರದ ಗೂಟಗಳನ್ನು ದಿನವೂ ಹೊಸದಾಗಿ ಬಡಿಯುತ್ತಾಳೆ, ದಡಕ್ಕೆ ಬಂದ ತೆಪ್ಪವನ್ನು ಬೋರಲು ಹಾಕಿ ಕಲ್ಲು ಹೇರುತ್ತಾಳೆ, ಸಾರಿನ ಗಡಿಗೆಗೂ ಹಗ್ಗ ಕಟ್ಟುತ್ತಾಳೆ. "ನನ್ನೂ ಕಟ್ಟಿಹಾಕು" ಎಂದು ಗಂಡ ಜಂಬಣ್ಣ ನಗುತ್ತಾನೆ. "ಗಾಳಿ ಹೇಳಿ ಬರೂದಿಲ್ರಿ" ಎಂಬುದಷ್ಟೇ ಅವಳ ಉತ್ತರ. ಹೋದ ವೈಶಾಖದ ಒಂದು ಸಂಜೆ ಅದು ಹಾಗೆಯೇ ಬಂತು. ಗಂಡಸರು ನಡುನೀರಿನಲ್ಲಿ ಬಲೆ ಎಳೆಯುತ್ತಿದ್ದಾಗ ಕೆಂಧೂಳೆದ್ದು ದಡವೇ ಕಾಣದಾಯಿತು, ಗುಡಾರಗಳು ಕಿತ್ತು ಹಾರಿದವು. ಎರ್ರಮ್ಮ ನೀರಿನಂಚಿಗೆ ಓಡಿ "ಏನ್ರೀ, ಇತ್ತಾಗ ಬರ್ರೀ" ಎಂದು ಕೂಗಿದಳು. ಉಳಿದ ಹೆಂಗಸರೂ ಹಾಗೆಯೇ ಕೂಗುತ್ತಿದ್ದರು. ಯಾರು ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದಿದ್ದವಳು ಆಗ "ಜಂಬಣ್ಣಾ! ಜಂಬಣ್ಣಾ!" ಎಂದು ಗಂಟಲು ಹರಿಯುವಂತೆ ಕರೆಯತೊಡಗಿದಳು. ಒಬ್ಬೊಬ್ಬರಾಗಿ ಎಲ್ಲರೂ ದಡ ಸೇರಿದರು. ಕೊನೆಗೆ ಜಂಬಣ್ಣ, ಮಗುಚಿದ ತೆಪ್ಪವನ್ನು ತಬ್ಬಿಕೊಂಡು ಬಂದು ಮರಳಿನ ಮೇಲೆ ಬಿದ್ದ. "ಯಾರೋ ನನ್ನ ಹೆಸರು ಹಿಡಿದು ಕರದ್ರು. ಆ ದನಿ ಕಡೀಗೆ ಕಾಲು ಬಡಕೊಂತ ಬಂದ್ನಿ. ಯಾರದು?" ಎಂದು ಕೇಳಿದ. ಎರ್ರಮ್ಮ ಸೆರಗಿನಿಂದ ಅವನ ಮುಖ ಒರೆಸುತ್ತ, ಗೊತ್ತಿಲ್ಲ ಎನ್ನಲು ಬಾಯಿ ತೆರೆದಳು. ಕೂಗಿ ಕೂಗಿ ದನಿಯೇ ಬಿದ್ದುಹೋಗಿತ್ತು.